ಕೋಳಿ ಮೊಟ್ಟೆ ಕಡಿಮೆ ಆಯ್ತಾ? ಟಾನಿಕ್ ತರುವ ಮೊದಲು ಇಷ್ಟು ನೋಡಿ

ಹೋದ ಕಾರ್ತಿಕದಲ್ಲಿ ನಮ್ಮ ಹಿತ್ತಿಲ 11 ಹ್ಯಾಟೆಗಳಿಂದ ದಿನಕ್ಕೆ ಸಿಗುತ್ತಿದ್ದ 5 ಮೊಟ್ಟೆ ಇದ್ದಕ್ಕಿದ್ದಂತೆ 1ಕ್ಕೆ ಇಳಿಯಿತು. ನಾನು ಮಾಡಿದ ಮೊದಲ ಕೆಲಸ ಔಷಧಿ ಅಂಗಡಿಗೆ ಓಡಿದ್ದು. ಕ್ಯಾಲ್ಸಿಯಂ ಟಾನಿಕ್, ಲಿವರ್ ಟಾನಿಕ್, ಮೇಲೊಂದು ವಿಟಮಿನ್ ಪುಡಿ. ಹತ್ತು ದಿನ ನೀರಿಗೆ ಬೆರೆಸಿ ಕುಡಿಸಿದ್ದೇ ಕುಡಿಸಿದ್ದು, ಮೊಟ್ಟೆ ಮಾತ್ರ ಏರಲಿಲ್ಲ.

ಹನ್ನೊಂದನೇ ದಿನ ಒಲೆಗೆ ಹಾಕಲು ಕಾಯಿ ಸಿಪ್ಪೆ ತರೋಣ ಅಂತ ಕೊಟ್ಟಿಗೆ ಹಿಂದಿನ ರಾಶಿಗೆ ಕೈ ಹಾಕಿದೆ. ಬೆರಳಿಗೆ ಏನೋ ನುಣ್ಣಗೆ ತಾಗಿತು. ಎರಡು ಸಿಪ್ಪೆ ಸರಿಸಿದರೆ ಒಳಗೆ ಬಟ್ಟಲಿನಂಥ ಗುಳಿ, ಅದರ ತುಂಬ ಮೊಟ್ಟೆ. ಎಣಿಸಿದೆ, 17. ಎರಡು ಹ್ಯಾಟೆಗಳು ಸೇರಿ ಗುಟ್ಟಾಗಿ ಗೂಡು ಮಾಡಿಕೊಂಡಿದ್ದವು. ಬಾಕಿಯವುಗಳಲ್ಲಿ ಮೂರು ಪುಕ್ಕ ಉದುರಿಸುತ್ತಿದ್ದವು, ಒಂದು ಕಾವು ಕೂತಿತ್ತು. ಟಾನಿಕ್ ಬೇಕಾಗಿದ್ದದ್ದು ಯಾವುದಕ್ಕೂ ಅಲ್ಲ.

ಅವತ್ತಿನಿಂದ ನಾನೊಂದು ಕ್ರಮ ಇಟ್ಟುಕೊಂಡಿದ್ದೇನೆ. ನಾವಿರುವುದು ತಿಪಟೂರು ಕಡೆ, ತೆಂಗಿನ ತೋಟದ ಮನೆ. ನಿಮ್ಮದು ಕರಾವಳಿಯೋ ಕಲಬುರಗಿಯೋ ಆದರೆ ಬಿಸಿಲು ಮಳೆಯ ಲೆಕ್ಕ ಸ್ವಲ್ಪ ಬದಲಾಗುತ್ತದೆ. ನೋಡುವ ಕ್ರಮ ಬದಲಾಗುವುದಿಲ್ಲ.

ಹೆಜ್ಜೆ 1: ಮೊಟ್ಟೆ ನಿಜವಾಗಿ ಕಡಿಮೆ ಆಗಿದೆಯಾ?

ಬಿಟ್ಟು ಸಾಕುವ ಕೋಳಿ ಗೂಡಲ್ಲೇ ಮೊಟ್ಟೆ ಇಡಬೇಕು ಅಂತ ಎಲ್ಲಿದೆ? ಹುಲ್ಲಿನ ಬಣವೆ, ಸೌದೆ ಒಟ್ಟಿಲು, ಬೇಲಿ ಸಂದಿ, ಮೂಲೆಯಲ್ಲಿ ಬಿಸಾಕಿದ ಹಳೆ ಬುಟ್ಟಿ, ಕತ್ತಲೆ ಮತ್ತು ಮರೆ ಇದ್ದ ಕಡೆಯೆಲ್ಲ ಅದಕ್ಕೆ ಜಾಗವೇ. ಹೆಚ್ಚಿನ ಕೋಳಿಗಳು ಮಧ್ಯಾಹ್ನದೊಳಗೆ ಮೊಟ್ಟೆ ಇಡುತ್ತವೆ. ಹಾಗಾಗಿ ಮೂರು ದಿನ ಎಲ್ಲವನ್ನೂ ಮಧ್ಯಾಹ್ನ 12ರವರೆಗೆ ಗೂಡಲ್ಲೇ ಇಟ್ಟುಕೊಳ್ಳಿ. ಒಳಗೆ ನೀರು, ಕಾಳು, ಹುಲ್ಲು ಹಾಸಿದ ಒಂದೆರಡು ಬುಟ್ಟಿ ಇರಲಿ. ಮೊಟ್ಟೆ ಒಮ್ಮೆಲೇ ಜಾಸ್ತಿಯಾದರೆ ಕೋಳಿಯಲ್ಲಿ ತೊಂದರೆ ಇಲ್ಲ, ನೀವು ಹುಡುಕಿಲ್ಲ ಅಷ್ಟೆ.

ಗುಟ್ಟಿನ ಗೂಡು ಪತ್ತೆ ಹಚ್ಚಲು ಸುಲಭದ ದಾರಿಯೂ ಒಂದಿದೆ. ಮೊಟ್ಟೆ ಇಟ್ಟೆದ್ದ ಹ್ಯಾಟೆ ಊರಿಗೆಲ್ಲ ಕೇಳುವಂತೆ ಕೂಗುತ್ತದೆ ಅಲ್ವಾ? ಕೂಗು ಶುರುವಾದ ದಿಕ್ಕು ಗುರುತಿಟ್ಟುಕೊಳ್ಳಿ. ಆದರೆ ತಕ್ಷಣ ಓಡಬೇಡಿ. ನೀವು ನೋಡಿದ್ದು ಗೊತ್ತಾದರೆ ಮರುದಿನವೇ ಜಾಗ ಬದಲಾಯಿಸುವ ಜಾಣ ಹ್ಯಾಟೆಗಳಿವೆ. ಸಿಕ್ಕ ಗೂಡಲ್ಲಿ ಒಂದು ಮೊಟ್ಟೆ ಬಿಟ್ಟು ಉಳಿದದ್ದನ್ನು ಎತ್ತಿಕೊಳ್ಳಿ. ಬಿಟ್ಟ ಮೊಟ್ಟೆಗೆ ಪೆನ್ಸಿಲ್ ಗುರುತು ಹಾಕಿರಿ, ಇಲ್ಲದಿದ್ದರೆ ಹಳೆಯದು ಯಾವುದು ಹೊಸದು ಯಾವುದು ತಿಳಿಯುವುದಿಲ್ಲ. ಎಷ್ಟು ದಿನದ್ದೋ ಗೊತ್ತಿಲ್ಲದ ಮೊಟ್ಟೆಯನ್ನು ನೀರಿಗೆ ಹಾಕಿ ನೋಡಿ. ತಳದಲ್ಲಿ ಮಲಗಿದರೆ ತಾಜಾ, ಎದ್ದು ನಿಂತರೆ ಹಳೆಯದು, ತೇಲಿದರೆ ತಿಪ್ಪೆಗೆ.

ಕಳ್ಳರನ್ನೂ ಲೆಕ್ಕಕ್ಕೆ ತನ್ನಿ. ಹಾವು ಇಡೀ ಮೊಟ್ಟೆ ನುಂಗುತ್ತದೆ, ಚೂರೂ ಗುರುತಿರುವುದಿಲ್ಲ. ಕಾಗೆ, ಮುಂಗುಸಿ, ಉಡ, ಹೆಗ್ಗಣ ಇವಕ್ಕೆಲ್ಲ ಮೊಟ್ಟೆ ಅಂದರೆ ಇಷ್ಟ. ಕೆಲವೊಮ್ಮೆ ಕಳ್ಳ ಮನೆಯವನೇ. ಕೋಳಿಯೇ ಮೊಟ್ಟೆ ಕುಕ್ಕಿ ತಿನ್ನುವ ಚಟ ಕಲಿತಿರುತ್ತದೆ. ಗೂಡಿನ ಹುಲ್ಲು ಒದ್ದೆ, ಕೊಕ್ಕಿನ ಮೇಲೆ ಒಣಗಿದ ಹಳದಿ ಕಂಡರೆ ಅದೇ. ಹೆಚ್ಚಾಗಿ ಚಿಪ್ಪು ತೆಳುವಾಗಿ ಮೊಟ್ಟೆ ಒಡೆದದ್ದರಿಂದ ಶುರುವಾಗುವ ಚಟ ಇದು. ದಿನಕ್ಕೆರಡು ಸಲ ಮೊಟ್ಟೆ ಎತ್ತಿ, ಬುಟ್ಟಿಗೆ ಗೋಣಿ ಪರದೆ ಕಟ್ಟಿ ಕತ್ತಲೆ ಮಾಡಿ, ಒಳಗೊಂದು ಪಿಂಗ್‌ಪಾಂಗ್ ಚೆಂಡು ಇಡಿ. ನಾಲ್ಕು ದಿನ ಕುಕ್ಕಿ ಸುಸ್ತಾಗಿ ಬಿಡುತ್ತದೆ.

ಹೆಜ್ಜೆ 2: ನಿಲ್ಲಿಸಿದ್ದು ಯಾವ ಹ್ಯಾಟೆ?

'ನಮ್ಮ ಕೋಳಿಗಳು ಮೊಟ್ಟೆ ಇಡುತ್ತಿಲ್ಲ' ಅನ್ನುವ ಮಾತಿಗೆ ಮದ್ದಿಲ್ಲ. ಯಾವುದು ಇಡುತ್ತಿಲ್ಲ ಅನ್ನುವುದು ಗೊತ್ತಾಗಬೇಕು. ಸಂಜೆ ಕತ್ತಲಾದ ಮೇಲೆ ಗೂಡಿಗೆ ಹೋಗಿ, ಆಗ ಕೋಳಿ ಸುಲಭವಾಗಿ ಕೈಗೆ ಬರುತ್ತದೆ. ತಲೆ ನಿಮ್ಮ ಬೆನ್ನಿನ ಕಡೆಗೆ ಬರುವಂತೆ ಕಂಕುಳಲ್ಲಿ ಅವುಚಿಕೊಳ್ಳಿ. ಬಾಲದ ಕೆಳಗೆ, ಮೊಟ್ಟೆ ಬರುವ ದ್ವಾರದ ಎರಡು ಪಕ್ಕಕ್ಕೆ ಎರಡು ಚೂಪು ಎಲುಬಿನ ತುದಿಗಳು ಕೈಗೆ ಸಿಗುತ್ತವೆ. ಅವುಗಳ ನಡುವೆ ಎರಡು ಮೂರು ಬೆರಳು ಅಡ್ಡ ಹಿಡಿಸಿದರೆ, ದ್ವಾರ ಅಗಲವಾಗಿ ತೇವವಾಗಿದ್ದರೆ, ಅದು ಮೊಟ್ಟೆ ಇಡುತ್ತಿರುವ ಹ್ಯಾಟೆ. ಒಂದು ಬೆರಳೂ ಸರಿಯಾಗಿ ಹಿಡಿಸದೆ, ದ್ವಾರ ಒಣಗಿ ಮುದುರಿದ್ದರೆ ನಿಲ್ಲಿಸಿದೆ. ತಲೆಯ ಜುಟ್ಟೂ ಹೇಳುತ್ತದೆ: ಇಡುವಾಗ ದಪ್ಪಗೆ, ಕೆಂಪಗೆ, ನಿಂತಾಗ ಸೊರಗಿ, ಬಿಳಿಚಿಕೊಂಡು.

ಪರೀಕ್ಷೆ ಮುಗಿಸಿದ ಹ್ಯಾಟೆಯ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಉಂಗುರ ಹಾಕಿ. ನಮ್ಮಲ್ಲಿ ಕೆಂಪು ಅಂದರೆ ಇಡುತ್ತಿದೆ, ಹಸಿರು ಅಂದರೆ ನಿಂತಿದೆ. ಅಡುಗೆಮನೆ ಕ್ಯಾಲೆಂಡರಲ್ಲಿ ದಿನದ ಮೊಟ್ಟೆ ಬರೆಯುವುದೂ ಆಗಿನಿಂದ ರೂಢಿಯಾಯಿತು. ಹಾಲಿನ ಲೆಕ್ಕದ ಪಕ್ಕದಲ್ಲೇ ಮೊಟ್ಟೆ ಲೆಕ್ಕ.

ಹೆಜ್ಜೆ 3: ಅದರ ತಳಿಗೆ ಎಷ್ಟು ನ್ಯಾಯವೋ ಅಷ್ಟು ಕೇಳಿ

ನಾಟಿ ಕೋಳಿ, ಉತ್ತರ ಕರ್ನಾಟಕದ ಕಡೆಯವರ ಮಾತಲ್ಲಿ ಜವಾರಿ ಕೋಳಿ, ವರ್ಷಕ್ಕೆ ಕೊಡುವುದೇ ಸುಮಾರು 50ರಿಂದ 80 ಮೊಟ್ಟೆ. ಅದೂ ಸಾಲು ಸಾಲಾಗಿ. ಹನ್ನೆರಡೋ ಹದಿನೈದೋ ಇಟ್ಟು ಕಾವಿಗೆ ಕೂರುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ಹಿತ್ತಿಲಲ್ಲಿ ವರ್ಷಕ್ಕೆ 130ರಿಂದ 150 ಕೊಡುತ್ತದೆ. ಅಲ್ಲಿಯದೇ ಸ್ವರ್ಣಧಾರ 180ರ ಆಸುಪಾಸು. ಫಾರಂನ ಬಿಳಿ ಲೆಗ್‌ಹಾರ್ನ್ 300ರ ಹತ್ತಿರ ಹೋಗುತ್ತದೆ. ನಾಟಿ ಹ್ಯಾಟೆ ಸಾಕಿಕೊಂಡು ಲೆಗ್‌ಹಾರ್ನ್ ಲೆಕ್ಕ ಹಾಕಿದರೆ ವರ್ಷವಿಡೀ ಬೇಜಾರೇ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ತುಂಬ ಜನ ಕೇಳುತ್ತಾರೆ. ಮೊಟ್ಟೆ ಇಡಲು ಹುಂಜ ಬೇಕಾಗಿಲ್ಲ. ಮರಿ ಆಗಲು ಬೇಕು, ಅಷ್ಟೆ.

ಕಾವಿನ ವಿಚಾರಕ್ಕೆ ಬಂದರೆ, 21 ದಿನ ಕೂತು, ಆಮೇಲೆ ಮರಿಗಳನ್ನು ಎರಡು ತಿಂಗಳು ಕಟ್ಟಿಕೊಂಡು ತಿರುಗುವ ಹ್ಯಾಟೆ ಸುಮಾರು ಮೂರು ತಿಂಗಳು ಮೊಟ್ಟೆ ಕೊಡುವುದಿಲ್ಲ. ನಮ್ಮ ಪಕ್ಕದ ಮನೆ ಅಜ್ಜಿಗೆ ನಾನು ಈ ದೂರು ಹೇಳಿದಾಗ ಅವರು, "ಅದೇನು ಮಿಷನ್ನಾ ಮಗಾ? ಅದಕ್ಕೂ ಬಾಣಂತನ ಬೇಡ್ವಾ?" ಅಂದರು. ಮರಿ ಬೇಕಿದ್ದರೆ ಕೂರಲು ಬಿಡಿ. ಮರಿಗಳನ್ನು ಮೂರು ನಾಲ್ಕು ವಾರಕ್ಕೆ ಬೇರೆ ಮಾಡಿ ಬೆಚ್ಚಗಿಟ್ಟು ಸಾಕಿದರೆ ತಾಯಿ ಬೇಗ ಮತ್ತೆ ಮೊಟ್ಟೆಗೆ ಬರುತ್ತದೆ.

ಮರಿ ಬೇಡ ಅಂದರೆ ಕಾವು ಬಿಡಿಸಬೇಕು. ತಣ್ಣೀರಲ್ಲಿ ಅದ್ದುವುದು, ಮೂಗಿಗೆ ಪುಕ್ಕ ಚುಚ್ಚುವುದು ಇದೆಲ್ಲ ಕೆಲವರು ಮಾಡುತ್ತಾರೆ, ನನಗೆ ಇಷ್ಟವಿಲ್ಲ, ಅಗತ್ಯವೂ ಇಲ್ಲ. ಕಾವಿನ ಹ್ಯಾಟೆಗೆ ಬೇಕಾದದ್ದು ಹೊಟ್ಟೆಯ ಕೆಳಗಿನ ಬಿಸಿ ಮತ್ತು ಕತ್ತಲೆ. ಅದೆರಡನ್ನು ತಪ್ಪಿಸಿದರೆ ಸಾಕು. ತಳಕ್ಕೂ ಜಾಲರಿ ಇರುವ ಪಂಜರವನ್ನು ಎರಡು ಇಟ್ಟಿಗೆ ಮೇಲೆ ಇಟ್ಟು, ಹುಲ್ಲು ಹಾಕದೆ, ಬೆಳಕಿರುವ ನೆರಳಲ್ಲಿ ಹ್ಯಾಟೆಯನ್ನು ಬಿಡಿ. ಕೆಳಗಿಂದ ಗಾಳಿ ಆಡುತ್ತಿರಬೇಕು. ನೀರು, ಕಾಳು ಮಾಮೂಲಿ. ಮೂರು ನಾಲ್ಕು ದಿನಕ್ಕೆ ಆ ಗುರ್ ಅನ್ನುವ ಸಿಟ್ಟು ಇಳಿಯುತ್ತದೆ. ಹೊರಗೆ ಬಿಟ್ಟ ತಕ್ಷಣ ಮತ್ತೆ ಬುಟ್ಟಿಗೆ ಓಡಿದರೆ ಇನ್ನೆರಡು ದಿನ. ಕಾವು ಕೂತ ಮೊದಲ ಒಂದೆರಡು ದಿನದಲ್ಲೇ ಹಿಡಿದರೆ ಬೇಗ ಮುಗಿಯುತ್ತದೆ, ವಾರ ಬಿಟ್ಟರೆ ಹಟ ಬಲಿಯುತ್ತದೆ.

ಹೆಜ್ಜೆ 4: ಪುಕ್ಕ ಮತ್ತು ಬೆಳಕು

ಗೂಡಿನ ತುಂಬ ಪುಕ್ಕ ಬಿದ್ದಿದ್ದು, ಕುತ್ತಿಗೆ ಬೋಳಾಗಿ, ಹೊಸ ಗರಿಗಳು ಮುಳ್ಳಿನಂತೆ ಮೂಡುತ್ತಿದ್ದರೆ ಅದು ರೋಗ ಅಲ್ಲ. ವರ್ಷಕ್ಕೊಮ್ಮೆ ಕೋಳಿ ಹಳೆ ಬಟ್ಟೆ ಕಳಚುತ್ತದೆ. ಗರಿ ಬಹುಪಾಲು ಪ್ರೋಟೀನ್. ಗರಿಗೂ ಮೊಟ್ಟೆಗೂ ಒಟ್ಟಿಗೆ ಹೊಂದಿಸಲಾಗದೆ ದೇಹ ಮೊಟ್ಟೆಯನ್ನು ನಿಲ್ಲಿಸುತ್ತದೆ. ಎಂಟರಿಂದ ಹನ್ನೆರಡು ವಾರ ಬೇಕು. ಹಿಂಡಿ, ಹುಳುಹುಪ್ಪಟೆ, ಒಣಮೀನಿನ ಪುಡಿ ಸ್ವಲ್ಪ ಜಾಸ್ತಿ ಕೊಟ್ಟು ಸುಮ್ನೆ ಕಾಯಿರಿ. ಹೊಸ ಗರಿ ಬರುವಾಗ ಮುಟ್ಟಿದರೆ ನೋಯುತ್ತದೆ, ಎತ್ತಿ ಆಡಿಸಬೇಡಿ.

ಬೆಳಕಿನ ವಿಷಯದಲ್ಲಿ ಹೊರದೇಶದ ಸಲಹೆಗಳನ್ನು ನಾವು ಇದ್ದಂತೆ ಎತ್ತಿಕೊಳ್ಳುವ ಹಾಗಿಲ್ಲ. ಅಲ್ಲಿ ಚಳಿಗಾಲದ ಹಗಲು ಎಂಟು ಗಂಟೆಗೆ ಇಳಿಯುವ ಊರುಗಳಿವೆ. ನಮ್ಮ ಬೆಂಗಳೂರಿನ ಅತಿ ಚಿಕ್ಕ ಹಗಲೂ ಡಿಸೆಂಬರಿನಲ್ಲಿ 11 ಗಂಟೆ 20 ನಿಮಿಷಕ್ಕೆ ಕಡಿಮೆ ಇಲ್ಲ, ಜೂನಿನಲ್ಲಿ ಅದು 13 ಗಂಟೆಯ ಹತ್ತಿರ. ವ್ಯತ್ಯಾಸ ಸಣ್ಣದು. ಆದರೂ ಚೆನ್ನಾಗಿ ಮೊಟ್ಟೆ ಇಡುವ ತಳಿಗೆ 14ರಿಂದ 16 ಗಂಟೆ ಬೆಳಕು ಬೇಕು. ಸ್ವರ್ಣಧಾರ, ಲೆಗ್‌ಹಾರ್ನ್ ಇದ್ದರೆ ಗೂಡಿಗೊಂದು ಸಣ್ಣ ಎಲ್‌ಇಡಿ ಬಲ್ಬ್ ಹಾಕಿ, ಕೋಳಿ ನಿಂತ ಕಡೆ ಪೇಪರ್ ಓದುವಷ್ಟು ಬೆಳಕಾದರೆ ಸಾಕು. ಬೆಳಗಿನ ಜಾವ ಹಚ್ಚುವುದು ಒಳ್ಳೆಯದು. ರಾತ್ರಿ ಹಚ್ಚಿ ಟಪ್ಪಂತ ಆರಿಸಿದರೆ ಅಡ್ಡೆ (ರಾತ್ರಿ ಕೂರುವ ಅಡ್ಡಗೋಲು) ಹತ್ತದ ಕೋಳಿಗಳು ಕತ್ತಲಲ್ಲಿ ಒದ್ದಾಡುತ್ತವೆ. ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ. ಬರೀ ನಾಟಿ ಕೋಳಿ ಇದ್ದರೆ ಬಲ್ಬಿನ ಖರ್ಚು ಬೇಡ. ಎಳೆ ಮರಿ, ಪಡ್ಡೆ ಕೋಳಿಗಳಿಗಂತೂ ಬೇಡವೇ ಬೇಡ.

ಹೆಜ್ಜೆ 5: ಬಟ್ಟಲು ಮತ್ತು ನೀರಿನ ಪಾತ್ರೆ

ನನ್ನ ಅನುಭವದಲ್ಲಿ ಹಿತ್ತಿಲ ಕೋಳಿಯ ತೊಂದರೆ ಅರ್ಧಕ್ಕರ್ಧ ಇಲ್ಲೇ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಅದರ ಚಿಪ್ಪಿನಲ್ಲಿ 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಇದು ಎಲ್ಲಿಂದ ಬರಬೇಕು? ನಾವು ಹಾಕುವುದು ಅಕ್ಕಿ ನುಚ್ಚು, ರಾಗಿ, ರಾತ್ರಿ ಉಳಿದ ಅನ್ನ. ಅಕ್ಕಿ, ರಾಗಿಯಲ್ಲಿ ಪ್ರೋಟೀನ್ ಶೇ 7ರ ಹತ್ತಿರ. ಮೊಟ್ಟೆ ಕೋಳಿಗೆ ಬೇಕಾದದ್ದು ಶೇ 16ರಿಂದ 18. ಅನ್ನ ತಿಂದು ಕೋಳಿ ದುಂಡಗಾಗುತ್ತದೆ, ಹೊಟ್ಟೆಯಲ್ಲಿ ಕೊಬ್ಬು ಕಟ್ಟುತ್ತದೆ, ಮೊಟ್ಟೆ ನಿಲ್ಲುತ್ತದೆ. ನೋಡಿದವರು 'ಎಷ್ಟು ಚೆನ್ನಾಗಿ ಸಾಕಿದ್ದೀರಿ' ಅನ್ನುತ್ತಾರೆ!

ಅಂಗಡಿಯ ಲೇಯರ್ ಫೀಡ್, ಅಂದರೆ ಮೊಟ್ಟೆ ಕೋಳಿಯ ಆಹಾರ, ಸಿಗುವುದಾದರೆ ಅದೇ ಸುಲಭ. ಬಾಯ್ಲರ್ ಫೀಡ್ ತರಬೇಡಿ, ಅದು ಮಾಂಸಕ್ಕೆ, ಅದರಲ್ಲಿ ಕ್ಯಾಲ್ಸಿಯಂ ಸಾಲದು. ಮನೆಯಲ್ಲೇ ಮಾಡುವುದಾದರೆ 10 ಕೆಜಿಗೆ ನಾನು ಹಾಕುವ ಲೆಕ್ಕ ಹೀಗೆ:

- ಒಡೆದ ಮೆಕ್ಕೆಜೋಳ 5 ಕೆಜಿ
- ತೌಡು ಒಂದೂವರೆ ಕೆಜಿ
- ಸೋಯಾ ಹಿಂಡಿ 2 ಕೆಜಿ 400 ಗ್ರಾಂ
- ಕಪ್ಪೆಚಿಪ್ಪಿನ ನುಚ್ಚು 900 ಗ್ರಾಂ
- ಕೋಳಿಗೆಂದೇ ಮಾರುವ ಖನಿಜ ಮಿಶ್ರಣ 170 ಗ್ರಾಂ
- ಉಪ್ಪು 30 ಗ್ರಾಂ

ಕಟ್ಟಿಹಾಕಿದ ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ. ಹಗಲೆಲ್ಲ ಕೆದಕಿಕೊಂಡು ತಿನ್ನುವ ಕೋಳಿಗೆ ಬೆಳಗ್ಗೆ ಸಂಜೆ ಸೇರಿ 40ರಿಂದ 50 ಗ್ರಾಂ ಸಾಕು. ಸೋಯಾ ಹಿಂಡಿ ಬದಲು ಕಡಲೆಕಾಯಿ ಹಿಂಡಿ ಹಾಕಬಹುದು, ಆದರೆ ಮಳೆಗಾಲದಲ್ಲಿ ನಾನು ಹಾಕುವುದಿಲ್ಲ. ಕಡಲೆಕಾಯಿ ಹಿಂಡಿ, ಮೆಕ್ಕೆಜೋಳ ಎರಡಕ್ಕೂ ಬೂಸ್ಟು ಬೇಗ ಹಿಡಿಯುತ್ತದೆ. ಆ ಬೂಸ್ಟಿನ ವಿಷ ಕೋಳಿಯ ಲಿವರ್ ಹಾಳು ಮಾಡಿ ಮೊಟ್ಟೆಯನ್ನೂ ಇಳಿಸುತ್ತದೆ. ಮುಗ್ಗಲು ವಾಸನೆ ಬಂದ ಹಿಂಡಿಯನ್ನು ಬಿಸಿಲಿಗೆ ಹಾಕಿದರೂ ವಿಷ ಹೋಗುವುದಿಲ್ಲ. ದುಡ್ಡು ಹೋಯಿತು ಅಂತ ಗುಂಡಿಗೆ ಸುರಿಯುವುದೇ ಸರಿ.

ಕ್ಯಾಲ್ಸಿಯಂ ಕೊಡಲು ಒಂದು ಹೊತ್ತಿದೆ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಅದರಲ್ಲಿ 20 ಗಂಟೆಯಷ್ಟು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ, ಅದರ ಹೆಚ್ಚಿನ ಪಾಲು ರಾತ್ರಿ. ಹಾಗಾಗಿ ಬಿಟ್ಟು ಸಾಕುವ ಕೋಳಿಗೆ ಸಂಜೆ ಗೂಡು ಸೇರುವ ಮೊದಲು ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ನುಚ್ಚು ಇಡಿ. ಬೇಕಾದ ಹ್ಯಾಟೆ ಬೇಕಾದಷ್ಟು ಆರಿಸಿ ತಿನ್ನುತ್ತದೆ. ಮನೆಯ ಮೊಟ್ಟೆ ಚಿಪ್ಪೂ ಆಗುತ್ತದೆ, ಆದರೆ ಬಾಣಲೆಯಲ್ಲಿ ಹುರಿದು, ಚಿಪ್ಪು ಅಂತ ಗೊತ್ತಾಗದ ಹಾಗೆ ಪುಡಿ ಮಾಡಿ. ಮರಿಗಳಿಗೆ ಈ ಬಟ್ಟಲು ಸಿಗದಿರಲಿ, ಅಷ್ಟು ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡಕ್ಕೆ ಕೆಡುಕು.

ನೀರನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ. ಮೊಟ್ಟೆಯ ಮುಕ್ಕಾಲು ಭಾಗ ನೀರೇ. ಒಂದು ಹ್ಯಾಟೆ ದಿನಕ್ಕೆ ಕಾಲು ಲೀಟರಿನಷ್ಟು ಕುಡಿಯುತ್ತದೆ, ಬಿಸಿಲಲ್ಲಿ ಅದರ ಎರಡರಷ್ಟು. ಮದುವೆಗೆ ಹೋಗಿ ಒಂದು ದಿನ ಪಾತ್ರೆ ಒಣಗಿದರೆ ಮುಂದಿನ ಎಷ್ಟೋ ದಿನದ ಮೊಟ್ಟೆಗೆ ಪೆಟ್ಟು ಬೀಳುತ್ತದೆ.

ಹೆಜ್ಜೆ 6: ಬೇಸಿಗೆ, ಗಲಾಟೆ

32 ಡಿಗ್ರಿ ದಾಟಿದರೆ ಕೋಳಿಗೆ ಕಷ್ಟ ಶುರು. ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್ ಮೇನಲ್ಲಿ 40 ದಾಟುತ್ತದೆ. ಕೋಳಿಗೆ ಬೆವರು ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ತಿನ್ನುವುದು ಕಡಿಮೆಯಾಗುತ್ತದೆ, ಮೊಟ್ಟೆ ಇಳಿಯುತ್ತದೆ, ಬಂದ ಮೊಟ್ಟೆಯ ಚಿಪ್ಪೂ ತೆಳು. ಆಗ ಕ್ಯಾಲ್ಸಿಯಂ ಎಷ್ಟು ಸುರಿದರೂ ಚಿಪ್ಪು ಪೂರಾ ಸರಿಯಾಗುವುದಿಲ್ಲ, ಮೊದಲು ಬಿಸಿ ಇಳಿಸಬೇಕು.

ಕಾಳನ್ನು ಬೆಳಗ್ಗೆ ಆರರೊಳಗೆ ಮತ್ತು ಸಂಜೆ ಐದರ ಮೇಲೆ ಹಾಕಿ. ಶೀಟಿನ ಮೇಲೆ ತೆಂಗಿನ ಸೋಗೆ ಹೊದಿಸಿ. ಮಧ್ಯಾಹ್ನ ಎರಡಕ್ಕೆ ಟ್ಯಾಂಕಿನ ನಲ್ಲಿ ನೀರಿಗೆ ಒಮ್ಮೆ ಕೈ ಒಡ್ಡಿ ನೋಡಿ. ನಮಗೇ ಕೈ ಸುಡುವ ಆ ನೀರನ್ನು ಕೋಳಿ ಕುಡಿಯುವುದಿಲ್ಲ. ಒಡೆದ ಮಡಕೆಯ ತಳವನ್ನು ಮರದ ನೆರಳಲ್ಲಿ ಅರ್ಧ ಹೂತು ಬಾವಿ ನೀರು ತುಂಬಿಸಿ. ನಮ್ಮ ಕೋಳಿಗಳು ಪ್ಲಾಸ್ಟಿಕ್ ಡಬ್ಬಿ ಬಿಟ್ಟು ಅಲ್ಲಿಗೇ ಹೋಗುತ್ತವೆ.

ಹೆದರಿಕೆಗೂ ಮೊಟ್ಟೆ ನಿಲ್ಲುತ್ತದೆ. ಗೂಡು ಬದಲಾಯಿಸಿದ್ದು, ಹೊಸ ನಾಯಿ, ದೀಪಾವಳಿಯ ಪಟಾಕಿ. ಒಂದೆರಡು ವಾರದಲ್ಲಿ ತಾನಾಗಿ ಸರಿಹೋಗುತ್ತದೆ.

ಹೆಜ್ಜೆ 7: ರಾತ್ರಿ ಟಾರ್ಚ್ ಹಿಡಿದು ನೋಡುವುದು, ರೋಗದ ಗುರುತು

ಹಗಲು ಕೋಳಿಯ ಮೈಮೇಲೆ ಏನೂ ಕಾಣದೆ, ರಾತ್ರಿ ಗೂಡಿನ ಅಡ್ಡೆಯ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಹುಳಗಳು ಹರಿದಾಡುತ್ತಿದ್ದರೆ ಮೊಟ್ಟೆ ಇಳಿಯಲು ಕಾರಣ ಸಿಕ್ಕಿತು. ಅವು ರಾತ್ರಿ ಬಂದು ರಕ್ತ ಹೀರಿ ಬೆಳಗ್ಗೆ ಸಂದಿ ಸೇರುತ್ತವೆ. ಜುಟ್ಟು ಬಿಳಿಚಿ, ಕೋಳಿಗಳು ಸಂಜೆ ಗೂಡಿಗೆ ಹೋಗಲು ಹಿಂದೇಟು ಹಾಕುತ್ತವೆ. ಬರೀ ಕೋಳಿಗೆ ಔಷಧಿ ಹಾಕಿ ಪ್ರಯೋಜನವಿಲ್ಲ, ಗೂಡು ಖಾಲಿ ಮಾಡಿ ಸಂದಿಗಳಿಗೆ ಕುದಿಯುವ ನೀರು ಸುರಿದು, ಒಣಗಿಸಿ, ಸುಣ್ಣ ಬಳಿಯಿರಿ. ವಾರ ಬಿಟ್ಟು ಇನ್ನೊಮ್ಮೆ. ಮೈಮೇಲಿನ ಹೇನಿಗೆ ಒಲೆ ಬೂದಿ ಮತ್ತು ಒಣಮಣ್ಣು ಬೆರೆಸಿದ ಗುಂಡಿ ಮಾಡಿಕೊಡಿ, ಅವೇ ಹೊರಳಾಡುತ್ತವೆ. ಹೊಟ್ಟೆಹುಳಕ್ಕೆ ಮೂರು ತಿಂಗಳಿಗೊಮ್ಮೆ ಔಷಧಿ. ಪ್ರಮಾಣ, ಮತ್ತು ಎಷ್ಟು ದಿನ ಮೊಟ್ಟೆ ತಿನ್ನಬಾರದು ಅನ್ನುವುದು, ಎರಡನ್ನೂ ಪಶುವೈದ್ಯರಲ್ಲಿ ಕೇಳಿಕೊಳ್ಳಿ.

ಹೆದರಬೇಕಾದದ್ದು ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್. ಮೊಟ್ಟೆ ದಿಢೀರ್ ನಿಲ್ಲುವುದು, ಚಿಪ್ಪಿಲ್ಲದ ಅಥವಾ ಸೊಟ್ಟ ಮೊಟ್ಟೆ, ಹಸಿರು ಭೇದಿ, ಉಸಿರಿಗೆ ಒದ್ದಾಟ, ಕುತ್ತಿಗೆ ತಿರುಚುವುದು. ಇದಕ್ಕೆ ಮದ್ದಿಲ್ಲ, ಲಸಿಕೆ ಒಂದೇ. ನಾನು ಒಮ್ಮೆ ಸಂತೆಯಿಂದ ತಂದ ಹ್ಯಾಟೆಯನ್ನು ಅದೇ ಸಂಜೆ ಉಳಿದವುಗಳ ಜೊತೆ ಬಿಟ್ಟು ಆರು ಕೋಳಿ ಕಳೆದುಕೊಂಡೆ. ಈಗ ಹೊಸ ಕೋಳಿಗೆ ಮೂರು ವಾರ ಬೇರೆ ಮೂಲೆ, ಬೇರೆ ಬಟ್ಟಲು. ಲಸಿಕೆಯ ಸೀಸೆ ನೂರಾರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅದಕ್ಕೆ ನಮ್ಮ ಬೀದಿಯ ಎಂಟು ಮನೆ ಸೇರಿ ಒಂದು ದಿನ ಗೊತ್ತುಮಾಡಿ, ಫ್ಲಾಸ್ಕಿನಲ್ಲಿ ಐಸ್ ಹಾಕಿ ತರಿಸುತ್ತೇವೆ. ಒಂದೇ ಸಲ ಹಲವು ಕೋಳಿ ಸತ್ತರೆ ಮುಟ್ಟಬೇಡಿ, ತಿನ್ನಬೇಡಿ, ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಹಕ್ಕಿ ಜ್ವರವೂ ಹೀಗೇ ಶುರುವಾಗುವುದು.

ಒಂದೇ ಹ್ಯಾಟೆ ಬಾಲ ಇಳಿಬಿಟ್ಟು, ನೆಟ್ಟಗೆ ನಿಂತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಹಾಕಿಕೊಂಡಿರಬಹುದು. ಉಗುರುಬೆಚ್ಚಗಿನ ನೀರಲ್ಲಿ ಹಿಂಭಾಗ ಮುಳುಗುವಂತೆ ಕಾಲು ಗಂಟೆ ಕೂರಿಸಿ, ಕತ್ತಲೆ ಮೂಲೆಯಲ್ಲಿ ಬಿಡಿ. ಕೈಯಿಂದ ಒತ್ತಿ ತೆಗೆಯಲು ಹೋದರೆ ಒಳಗೆ ಒಡೆಯುತ್ತದೆ. ಕೆಲವು ಗಂಟೆಯಲ್ಲಿ ಬರದಿದ್ದರೆ ವೈದ್ಯರೇ ನೋಡಬೇಕು.

ಸರಿಮಾಡಿದ ಮೇಲೆ ಎಷ್ಟು ದಿನ ಕಾಯಬೇಕು?

ನೀರಿನ ತಪ್ಪಾದರೆ ವಾರದೊಳಗೆ ಗೊತ್ತಾಗುತ್ತದೆ. ಆಹಾರ, ಬೆಳಕು ಬದಲಾಯಿಸಿದರೆ ಎರಡು ಮೂರು ವಾರ ಕೊಡಿ. ಕಾವು ಬಿಡಿಸಿದ ಹ್ಯಾಟೆಗೂ ಎರಡು ವಾರದಷ್ಟು ಬೇಕು. ದಿನಕ್ಕೊಂದು ಬದಲಾವಣೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ, ಒಂದೊಂದಾಗಿ ಮಾಡಿ.

ವಯಸ್ಸಿಗೆ ಮಾತ್ರ ಉಪಾಯ ಇಲ್ಲ. ಮೊದಲ ವರ್ಷವೇ ಹೆಚ್ಚು, ಆಮೇಲೆ ವರ್ಷ ವರ್ಷಕ್ಕೂ ಇಳಿಕೆ. ಸ್ವರ್ಣಧಾರದಂಥವನ್ನು ಎರಡು ವರ್ಷಕ್ಕೆ ಬದಲಾಯಿಸುವುದು ಲೆಕ್ಕಕ್ಕೆ ಸರಿ. ನಾಟಿ ಹ್ಯಾಟೆಯನ್ನು ನಾನು ಮೊಟ್ಟೆ ಎಣಿಸಿ ಇಟ್ಟುಕೊಳ್ಳುವುದಿಲ್ಲ. ನಮ್ಮ ಕಪ್ಪು ಹ್ಯಾಟೆಗೆ ಈಗ ಐದು ವರ್ಷ, ವರ್ಷಕ್ಕೆ ಇಡುವುದು 30 ಮೊಟ್ಟೆಯಷ್ಟು. ಗಿರಿರಾಜನ ಮೊಟ್ಟೆಯನ್ನೂ ಅದರ ಕೆಳಗೇ ಇಟ್ಟು ಮರಿ ಮಾಡಿಸುತ್ತೇನೆ. ಕಾಯಿ ಸಿಪ್ಪೆ ರಾಶಿಯ ಗೂಡು ಮಾಡಿದ್ದ ಇಬ್ಬರಲ್ಲಿ ಒಬ್ಬಳು ಅವಳೇ.